ಬ್ಯಾಟರಿ ನೀರು

ಅಂಚೆಟ್ಟಿಯ ನಮ್ಮ ಕನ್ನಡ ಶಾಲೆಗೂ ಹೊಸೂರಿನ ನನ್ನ ಮನೆಗೂ ನಡುವೆ ಎಷ್ಟು ತಿರುವುಗಳಿವೆ ಎಂದು ನನ್ನ ಸೊಂಟವನ್ನು ಕೇಳಬೇಕು. ದಿನವೂ ಹೋಗಿ ಬಂದು ಸೋತುಹೋಗಿದ್ದೆ. ಹೊಸೂರಿಗೇ ವರ್ಗ ಸಿಕ್ಕಾಗ ಎರಡು ಮಾತಾಡದೆ ಒಪ್ಪಿಕೊಂಡೆ. ಇಲ್ಲಿ ನನ್ನನ್ನು ಇರು ಅನ್ನುವವರು ಯಾರಿದ್ದರು?

ಅದೇ ಬಸ್ಸಿಗೆ ಬರುವ ಗಣಿತದ ತಿಮ್ಮರಾಜು ಮೇಷ್ಟ್ರು ಇದ್ದರು, ನಿಜ. ನಾನು ತೂಕಡಿಸುವಾಗ ಕದ್ದು ನೋಡುವರು. ಕಣ್ಣು ಬಿಟ್ಟೆನೋ, ಕಿಟಕಿಯಾಚೆ ರಾಗಿ ಹೊಲ ನೋಡುವರು. ಬಾಯಿ ಬಿಡಲಿ ಎಂದು ವರ್ಷಗಟ್ಟಲೆ ಕಾದೆ. ಕಾಯುವುದಕ್ಕೂ ತ್ರಾಣ ಬೇಕಲ್ಲ.

ಅಂಚೆಟ್ಟಿಯಲ್ಲಿ ನನ್ನ ಕೊನೆಯ ದಿನದ ವಿಜ್ಞಾನ ಪಾಠ ಸಾವಯವ, ನಿರವಯವ ಸಂಯುಕ್ತಗಳು. ಚಮಚದಲ್ಲಿ ಕಾಯಿಸಿದರೆ ಸಕ್ಕರೆ ಕರಗಿ ಕಪ್ಪಾಗುತ್ತದೆ, ಅದು ಸಾವಯವ. ಉಪ್ಪು ಚಟಪಟ ಎಂದರೂ ಬೆಳ್ಳಗೇ ಉಳಿಯುತ್ತದೆ, ಅದು ನಿರವಯವ. ಆಮೇಲೆ ಎರಡನ್ನೂ ನೀರಿನಲ್ಲಿ ಕರಗಿಸಿ ಬ್ಯಾಟರಿಯ ತಂತಿ ಇಳಿಸಿದರೆ ಉಪ್ಪುನೀರಿನಲ್ಲಿ ಮಾತ್ರ ಪುಟ್ಟ ಎಲ್‌ಇಡಿ ಬಲ್ಬು ಹತ್ತಬೇಕು. ಅಂದು ಸಕ್ಕರೆ ನೀರಿನಲ್ಲೂ ಮಂಕಾಗಿ ಹತ್ತಿತು.

"ಟೀಚರ್, ಸಕ್ಕರೆ ಚಮಚದಲ್ಲಿ ಸಾವಯವ, ಲೋಟದಲ್ಲಿ ನಿರವಯವಾನಾ?" ಎಂದಳು ಸುಧಾ. ಕ್ಲಾಸೆಲ್ಲ ನಕ್ಕಿತು. ನನಗೆ ಅಳು ಬಂತು.

ಅದು ಬೋರ್‌ವೆಲ್ ನೀರಿನಲ್ಲಿದ್ದ ಲವಣದ ಕೆಲಸ. ಪ್ರತಿ ವರ್ಷ ಈ ಪಾಠದ ದಿನ ಮೇಜಿನ ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನ್ ಇರುತ್ತಿತ್ತು. ಈ ಸಲ ಯಾಕೆ ತರಿಸಲಿಲ್ಲ ಎಂದು ಆಯಾ ಅಕ್ಕಯಮ್ಮನ ಮೇಲೆ ರೇಗಿದೆ.

"ಸ್ಕೂಲೋರು ಯಾವತ್ತು ತರ್ಸಿದ್ರು ಟೀಚರಮ್ಮಾ? ತಿಮ್ಮರಾಜು ಸಾರಲ್ವಾ ಹೊಸೂರಿಂದ ತೊಡೆ ಮೇಲಿಟ್ಕೊಂಡು ತತ್ತಿದ್ದಿದ್ದು," ಎಂದಳು.

ಈ ಪಾಠ ಯಾವತ್ತು ಎಂದು ಮೇಷ್ಟ್ರು ಮೊದಲೇ ಕೇಳಿಕೊಳ್ಳುತ್ತಿದ್ದುದು, ಆವತ್ತು ಮಾತ್ರ ಮುಂಚಿನ ಬಸ್ಸು ಹಿಡಿಯುತ್ತಿದ್ದುದು ನೆನಪಾಯಿತು. ಸಂಜೆ ಬಸ್ ಸ್ಟಾಪಿನಲ್ಲಿ ನೇರವಾಗಿಯೇ ಕೇಳಿದೆ, ಈ ಸಲ ನೀರೆಲ್ಲಿ ಎಂದು. ಅವರು ತಮ್ಮ ಚಪ್ಪಲಿ ನೋಡಿಕೊಂಡರು.

"ಅಂಗ್ಡಿ ತಾವ ಹೋದೆ ಟೀಚರ್. ಇದೇ ಕೊನೇದು ಅನ್ನಿಸ್ತು. ಕೊಳ್ಳಕ್ಕೆ ಮನಸ್ಸೇ ಬರ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ."

ಈ ಮಾತು ಹೇಳುವುದಕ್ಕೆ ನನ್ನ ವರ್ಗವೇ ಆಗಬೇಕಾಯಿತೇ ಎಂದು ಸಿಟ್ಟು ಬಂತು. ಸಂತೋಷವೂ ಆಯಿತು. ಆದರೂ ವರ್ಗ ಬಿಡುತ್ತೇನೆ ಎನ್ನಲಿಲ್ಲ. ಈ ಸೊಂಟಕ್ಕೆ ಆ ದಾರಿ ಸಾಕಾಗಿತ್ತು.

"ಹೊಸೂರಲ್ಲೂ ಬೋರ್ ನೀರು ಇಂಗೇ ಸಾರ್. ಅಲ್ಲಿಗೂ ಒಂದು ಕ್ಯಾನ್ ತನ್ನಿ," ಎಂದೆ.

"ಆ ಸ್ಕೂಲಿಗಾ?"

"ನಮ್ಮನೆಗೆ. ಭಾನುವಾರ ಅಪ್ಪ ಇರ್ತಾರೆ. ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ."

ಬಸ್ಸು ತುಂಬಿ ಬಂತು. ನಡುದಾರಿಯ ಡೆಂಕಣಿಕೋಟೆವರೆಗೂ ನಿಂತೇ ಹೋದೆವು. ಕಂಬಿ ಹಿಡಿದು ನಿಂತಲ್ಲೇ ತೂಕಡಿಸಿದೆ. ತಿರುವು ಬಂದಾಗಲೆಲ್ಲ ಕಣ್ಣು ಬಿಟ್ಟು ನೋಡಿದೆ. ಮೇಷ್ಟ್ರು ಹೊಲದ ಕಡೆ ತಿರುಗಲಿಲ್ಲ.