ಚಹಾ ಕೋಣೆಗೆ ಕೇಳಿಸದ ಗಂಟೆ

1938ರ ಫೆಬ್ರವರಿ 16, ಬುಧವಾರ. ಬೆಳಿಗ್ಗೆ 11.40ಕ್ಕೆ ಕಟಕ್ ಠಾಣೆಗೆ ದೂರು ಬಂತು. ತಂದವರು ಜಮೀನ್ದಾರರೂ ಶಾಸನ ಸಭೆಯ ಸದಸ್ಯರೂ ಆದ ರಾಜಾಬಹಾದ್ದೂರ್ ಕೃಪಾಸಿಂಧು ಮರ್ದರಾಜ್. ಇನ್‌ಸ್ಪೆಕ್ಟರ್ ಬೈಕುಂಠ ಪಟ್ಟಜೋಶಿ ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಮತಕ್ಕೆ ಹಾಕೋ ಮುಂಚೆ ಎರಡು ನಿಮಿಷ ಗಂಟೆ ಹೊಡೀಬೇಕು, ಆಮೇಲೆ ಬಾಗಿಲು ಮುಚ್ಚಬೇಕು. ಇವತ್ತು ಗಂಟೇನೇ ಕೇಳಿಸ್ಲಿಲ್ಲ. ನಮ್ಮ ಕಡೆಯ ಮೂರು ಜನ ಹೊರಗೇ ಉಳಿದ್ವಿ."

"ಎಲ್ಲಿದ್ರಿ?"

"ಚಹಾ ಕೋಣೇಲಿ. ಛೆನಾಪೋಡ ತಿಂತಾ ಇದ್ವಿ. ಅದನ್ನೂ ಬರ್ಕೊಳ್ತೀರಾ?"

ಪಟ್ಟಜೋಶಿ ಅದನ್ನೂ ಬರೆದುಕೊಂಡರು. ಇವರು ತಿಂಡಿ ಮುಗಿಸುವಷ್ಟರಲ್ಲಿ ಬಿಟ್ಟಿ ಚಾಕರಿ ರದ್ದು ಮಾಡುವ ಮಸೂದೆ 28ಕ್ಕೆ 27, ಒಂದೇ ಮತದಿಂದ ಪಾಸಾಗಿತ್ತು. ಕೂಲಿ ಕೊಡದೆ ಗದ್ದೆ ಉಳುಮೆ ಮಾಡಿಸುವುದು, ಪಲ್ಲಕ್ಕಿ ಹೊರಿಸುವುದು ಇನ್ನು ನಡೆಯುವಂತಿಲ್ಲ. ಗಂಟೆಯನ್ನು ಯಾರೋ ಬೇಕೆಂದೇ ಕೆಡಿಸಿದ್ದರೆ ಮತ್ತೆ ಮತಕ್ಕೆ ಹಾಕಿ ಎಂದು ರಾಜಾಬಹಾದ್ದೂರರು ಪಟ್ಟು ಹಿಡಿದಿದ್ದರು. ಸಭಾಧ್ಯಕ್ಷರು ಮೂರು ಗಂಟೆಗೆ ತೀರ್ಪು ಹೇಳುವವರಿದ್ದರು.

ಎಫ್‌ಐಆರ್ ದಾಖಲಿಸಿ, 12.25ಕ್ಕೆ ಕಾನ್‌ಸ್ಟೇಬಲ್ ಕುಲಮಣಿಯೊಂದಿಗೆ ಪಟ್ಟಜೋಶಿ ಸಭೆಯ ಕಟ್ಟಡ ತಲುಪಿದರು. ಗಂಟೆ ಚಹಾ ಕೋಣೆಯ ಜಗಲಿಯಲ್ಲಿ ತೂಗುತ್ತಿತ್ತು. ಅದರ ಉದ್ದ ಹಗ್ಗವನ್ನು ದೂರದಿಂದ ಎಳೆಯುವವನು ಸಭಾಂಗಣದ ಬಾಗಿಲ ಬಳಿಯ ದ್ವಾರಪಾಲಕ, ಕಿವಿ ಮಂದ.

"ಎಳೆದೆಯೇನಪ್ಪಾ?"

"ಎರಡು ನಿಮಿಷ ಪೂರ್ತಿ ಎಳೆದೆ ಬಾಬು, ತೋಳು ಬಿದ್ದುಹೋಯ್ತು."

ಕುಲಮಣಿ ಸ್ಟೂಲು ಹತ್ತಿ ಗಂಟೆಯೊಳಗೆ ಕೈ ಹಾಕಿದ. ನಾಲಿಗೆಗೆ ಬಟ್ಟೆಯದೊಂದು ಮೆತ್ತೆ ಸುತ್ತಿ ದಾರದಲ್ಲಿ ಬಿಗಿದಿದ್ದರು. ಪಂಚನಾಮೆಯಲ್ಲಿ ಅದು ಒಂದನೇ ವಸ್ತುವಾಯಿತು. ಎಣ್ಣೆ, ಬೆವರು ಕುಡಿದು ಚರ್ಮದಂತೆ ಗಟ್ಟಿಯಾಗಿತ್ತು.

"ಕೊಡ ಹೊರೋ ಸಿಂಬೆಯಾ?" ಪಟ್ಟಜೋಶಿ ಕೇಳಿದರು.

"ಅಲ್ಲ ಸರ್. ಇದು ಹೆಗಲಿಂದು. ಪಲ್ಲಕ್ಕಿ ಹೊರೋರು ದಂಡಿಗೆ ಕೆಳಗೆ ಇಟ್ಕೋತಾರೆ. ನಮ್ಮೂರ ಕಡೆ ನೋಡಿದೀನಿ."

ಚಹಾ ಕೋಣೆಯ ಐವರು ಆಳುಗಳನ್ನೂ ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸಲಾಯಿತು. ನಾಲ್ಕನೆಯವನು ಉಚ್ಛಬ ಬೆಹೆರಾ, ಮೂವತ್ತರ ಆಸುಪಾಸು. ಅವನ ಬಲ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಜಡ್ಡು ಕಟ್ಟಿತ್ತು.

"ಈ ಮೆತ್ತೆ ನಿನ್ನದಾ?"

"ನಂಗೇನೂ ಗೊತ್ತಿಲ್ಲ ಬಾಬು."

"ಹೆಗಲಿಗೆ ಏನಾಗಿದೆ?"

"ಹುಟ್ಟಿದಾಗಿಂದ್ಲೂ ಇದೆ."

ಎಷ್ಟು ಗದರಿದರೂ ಅವನು ಜಪ್ಪಯ್ಯ ಅನ್ನಲಿಲ್ಲ. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು. ಪಟ್ಟಜೋಶಿ ರಾಜಾಬಹಾದ್ದೂರರನ್ನು ಕರೆಸಿ, ಇವನ ಗುರುತಿದೆಯೇ ಎಂದು ಕೇಳಿದರು.

"ಯಾರು ಇವನು? ಚಹಾ ತಂದುಕೊಟ್ಟಿರಬೇಕು," ಎಂದು ಅವರು ಹೊರಟುಹೋದರು.

2.30ಕ್ಕೆ ಪಟ್ಟಜೋಶಿ ಕಂಡದ್ದನ್ನು ಕಂಡಂತೆ ಬರೆದು ಸಭಾಧ್ಯಕ್ಷರಿಗೆ ವರದಿ ಕಳಿಸಿದರು: ಗಂಟೆಯನ್ನು ಬೇಕೆಂದೇ ಮೂಕ ಮಾಡಲಾಗಿದೆ. ಇದರಿಂದ ಮಸೂದೆಯೇ ಬೀಳಬಹುದೆಂದು ಅವರಿಗೆ ಗೊತ್ತಿತ್ತು. ಆದರೂ ಸಹಿ ಹಾಕಿದರು.

3.20ಕ್ಕೆ ಅವರು ಸಭಾಂಗಣದಿಂದ ಮರಳಿ ಉಚ್ಛಬನ ಎದುರು ಕುಳಿತರು.

"ತೀರ್ಪು ಬಂತು. ಗಂಟೆ ಬರೀ ಅನುಕೂಲಕ್ಕೆ, ಮತದ ಹೊತ್ತಿಗೆ ಒಳಗಿರೋದು ಸದಸ್ಯರ ಜವಾಬ್ದಾರಿ ಅಂದ್ರು. ಯಾರು ಏನೇ ಮಾಡಿರ್ಲಿ, ಮತ ಮತವೇ."

"ಮತ್ತೆ ಮತಕ್ಕೆ ಹಾಕಲ್ವಾ?"

"ಇಲ್ಲ."

"ಇನ್ನೊಂದು ಸಲ ಹೇಳಿ ಬಾಬು."

ಪಟ್ಟಜೋಶಿ ಇನ್ನೊಂದು ಸಲ ಹೇಳಿದರು. ಉಚ್ಛಬ ಕಣ್ಣೊರೆಸಿಕೊಂಡು ಎರಡೂ ಕೈ ಮುಂದೆ ಚಾಚಿದ.

"ನಂದೇ ಮೆತ್ತೆ. ಅದಕ್ಕೆ ಮುಂಚೆ ಅಪ್ಪಂದು. ವೈಶಾಖದ ಬಿಸಿಲಲ್ಲಿ ಇದೇ ರಾಜಾಬಹಾದ್ದೂರರನ್ನ ಹೊತ್ಕೊಂಡು ಹೋಗ್ತಾ ದಾರೀಲೇ ಸತ್ತ. ಆಮೇಲೆ ಸರದಿ ನಂದಾಯ್ತು. ಕರೆ ಬಂದಾಗೆಲ್ಲ ರಜೆ ಹಾಕಿ ಊರಿಗೆ ಓಡ್ತೀನಿ. ಈ ಹೋಳಿಯಿಂದ ತಮ್ಮನೂ ಬರ್ಬೇಕು ಅಂತ ಹೇಳಿ ಕಳಿಸಿದ್ರು."

"ಅವರನ್ನ ಹೊರ್ತೀಯಾ? ಅವರಿಗೆ ನಿನ್ನ ಗುರುತೇ ಸಿಗ್ಲಿಲ್ವಲ್ಲೋ."

"ಹನ್ನೊಂದು ವರ್ಷದಿಂದ ನನ್ನ ಬೆನ್ನನ್ನೇ ನೋಡಿರೋದು ಬಾಬು. ಮುಖ ಎಲ್ಲಿ ನೋಡಿದಾರೆ?"

3.45ಕ್ಕೆ ದಸ್ತಗಿರಿ ದಾಖಲಾಯಿತು. ಜಪ್ತಿ ಪಟ್ಟಿ ತುಂಬುತ್ತಿದ್ದ ಕುಲಮಣಿ ಕೊನೆಯ ಕಲಮಿಗೆ ಬಂದು ತಲೆ ಎತ್ತಿದ.

"ಕೇಸು ಮುಗಿದ ಮೇಲೆ ಒಂದನೇ ವಸ್ತು ವಾಪಸ್ ಬೇಕಾ? ಬೇಕಾದ್ರೆ ಇಲ್ಲಿ ಹೆಬ್ಬೆಟ್ಟು ಒತ್ತು."

ಉಚ್ಛಬ ಮೇಜಿನ ಮೇಲಿದ್ದ ಮೆತ್ತೆಯನ್ನು ಅವನತ್ತ ತಳ್ಳಿದ.

"ಬೇಡ ಅಣ್ಣಾ," ಎಂದ. "ನಮ್ಮನೇಲಿ ಇನ್ನು ಅದು ಯಾರಿಗೂ ಬೇಕಾಗಲ್ಲ."