ಇಂಜಿನ್ ತಣ್ಣಗಾಗುವವರೆಗೆ

ಯಾರಾದರೂ ಬೈಕ್ ತಳ್ಳಿಕೊಂಡು ಬಂದರೆ ಪೆಟ್ರೋಲ್ ಮುಗಿದಿರುತ್ತದೆ, ಇಲ್ಲವೇ ಪಂಕ್ಚರ್ ಆಗಿರುತ್ತದೆ. ನನ್ನ ಟೈಲರ್ ಮಾತ್ರ ಚೆನ್ನಾಗಿ ಓಡುತ್ತಿದ್ದ ಬೈಕನ್ನು ತಿರುವಿನಲ್ಲೇ ಆಫ್ ಮಾಡಿ, ನಮ್ಮ ಗ್ಯಾರೇಜಿನ ಹಿಂಬಾಗಿಲವರೆಗೆ ಬೆವರು ಸುರಿಸುತ್ತ ತಳ್ಳಿಕೊಂಡು ಬರುತ್ತಿದ್ದ. ಅದಕ್ಕೆಲ್ಲ ಕಾರಣ ನನ್ನ ಅಪ್ಪನ ಕಿವಿ.

ಅಪ್ಪ ಒಳಗೆ ಕೂತು ಟೀ ಕುಡಿಯುತ್ತಲೇ ಬೀದಿಯಲ್ಲಿ ಹೋದ ಗಾಡಿ ಯಾರದೆಂದು ಹೇಳಿಬಿಡುತ್ತಾರೆ. ಟೈಲರನ ಗಾಡಿಯನ್ನಂತೂ ನಿದ್ದೆಯಲ್ಲೂ ಗುರುತಿಸುತ್ತಾರೆ. ಅದು ಗುಜರಿಯಿಂದ ತಂದ ಹಳೇ ಕಾಲದ ಸಿಂಗಲ್ ಸಿಲಿಂಡರ್. ದೊಡ್ಡ ಪಿಸ್ಟನ್ನು, ವಾಲ್ವ್ ತೆರೆಯುವ ಜೋರು ಕ್ಯಾಮ್ ಹಾಕಿ ಅದಕ್ಕೆ ಮತ್ತೆ ಜೀವ ಕೊಟ್ಟವಳು ನಾನು. ಇಂಜಿನ್ ಕಟ್ಟಿ ಮುಗಿಸುವಷ್ಟರಲ್ಲಿ ಅದರ ಮಾಲೀಕ ನನ್ನ ಮನಸ್ಸಿನಲ್ಲಿ ಬಿಡಾರ ಹೂಡಿಯಾಗಿತ್ತು.

ಅಪ್ಪನಿಗೆ ವಾಸನೆ ಹತ್ತಿತು. "ಆ ಗಾಡಿ ಸದ್ದು ಇನ್ನೊಂದ್ಸಲ ಈ ಬೀದೀಲಿ ಕೇಳಿಸ್ಬಾರ್ದು" ಎಂದರು. ಸ್ಪೇರ್ ಪಾರ್ಟ್ಸ್ ಅಂಗಡಿಯವರ ಮಗನಿಗೆ ನನ್ನನ್ನು ಕೊಡಬೇಕೆಂಬುದು ಅವರ ಆಸೆ. ಗ್ಯಾರೇಜಿಗೂ ಅಂಗಡಿಗೂ ನಂಟಾದರೆ ಎಲ್ಲರಿಗೂ ಅನುಕೂಲ. ನಾಳೆ ಅವರು ಮಾತುಕತೆಗೆ ಬರುವವರಿದ್ದರು. ನನ್ನನ್ನು ಕೇಳುವುದೊಂದು ಬಾಕಿ ಇತ್ತು.

"ಮೇಸ್ತ್ರಿ, ಈ ಟಕಟಕ ನಿಲ್ಸೋಕಾಗಲ್ವಾ?" ಎಂದು ಟೈಲರ್ ಹಿಂಬಾಗಿಲಲ್ಲಿ ಬೈಕ್ ನಿಲ್ಲಿಸಿ ಕೇಳಿದ. ಕೊರಳಲ್ಲಿ ಅಳತೆ ಟೇಪು, ಬೆರಳಲ್ಲಿ ಚಾಕ್ ಪುಡಿ. ಸೂಜಿಗೆ ದಾರ ಪೋಣಿಸುವಾಗ ಕಣ್ಣು ಕಿರಿದು ಮಾಡುತ್ತಾನಲ್ಲ, ನನ್ನನ್ನು ನೋಡುವಾಗಲೂ ಹಾಗೇ.

"ಅದು ವಾಲ್ವ್ ತಟ್ಟೋ ಟ್ಯಾಪೆಟ್ ಸದ್ದು. ಇರ್ಬೇಕಾದ್ದೇ."

"ಸೈಲೆನ್ಸರ್ ಸಾಧುವಾಗಿದೆ. ಈ ಟ್ಯಾಪೆಟ್‌ಗಳದ್ದೇ ಬಾಯಿಬಡುಕತನ. ಸ್ವಲ್ಪ ಟೈಟ್ ಮಾಡು ಮಾರಾಯ್ತಿ, ನಿಮ್ಮಪ್ಪಂಗೆ ಕೇಳಿಸದಷ್ಟು."

"ವಾಲ್ವ್ ಮೇಲೆ ಕೂದಲೆಳೆಯಷ್ಟು ಗ್ಯಾಪ್ ಬಿಟ್ಟಿರ್ತೀವಿ. ಬಿಸಿಯಾದ್ರೆ ವಾಲ್ವ್ ಉದ್ದ ಆಗತ್ತೆ. ಗ್ಯಾಪ್ ಇಲ್ದಿದ್ರೆ ಪೂರ್ತಿ ಮುಚ್ಚಲ್ಲ, ಇಂಜಿನ್ ಸತ್ತೋಗತ್ತೆ. ಈ ಕ್ಯಾಮ್‌ಗಂತೂ ಇನ್ನೂ ಜಾಸ್ತಿ ಬೇಕು."

"ಒಂಚೂರು..."

"ನಾಳೆ ಅವ್ರು ಬರ್ತಾರೆ. ನೀನೇನ್ ಮಾಡ್ತೀಯ?"

"ಸಮಯ ನೋಡ್ಕೊಂಡು ಮಾತಾಡ್ತೀನಿ."

"ಸಮಯ ನೋಡ್ತಾ ನೋಡ್ತಾ ನನ್ ಮಗೂಗೆ ಫ್ರಾಕ್ ಹೊಲಿದ್ಕೊಡ್ತೀಯ, ಅಷ್ಟೆ."

ಅವನು ತಲೆ ತಗ್ಗಿಸಿ ನಕ್ಕ. ನನಗೆ ಮೈ ಉರಿಯಿತು. ಈ ಹಿಂಬಾಗಿಲಿನ ಒಳಗೆ ನಾನು ಅವನಿಗೆ 'ನೀನು', ಹೊಸ್ತಿಲು ದಾಟಿದರೆ 'ನೀವು'. ಬೀದಿಯಲ್ಲಿ ಎದುರಾದರೆ "ಚೆನ್ನಾಗಿದೀರಾ?" ಎಂದು ನೆಲ ನೋಡಿಕೊಂಡು ಹೋಗುವ ಪುಣ್ಯಾತ್ಮ. ಆದರೂ ಆ ಕಣ್ಣುಗಳ ಮುಂದೆ ನಾನು ಕಲಿತ ವಿದ್ಯೆ ಕೈಕೊಟ್ಟಿತು. ಸ್ಪ್ಯಾನರ್ ತೆಗೆದುಕೊಂಡು ಎರಡೂ ಟ್ಯಾಪೆಟ್ ಬಿಗಿ ಮಾಡಿಬಿಟ್ಟೆ.

ಸ್ಟಾರ್ಟ್ ಮಾಡಿದಾಗ ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಅಪ್ಪ ಹೊರಗೆ ಬರಲಿಲ್ಲ. ಟ್ರಯಲ್ ನೋಡುವ ನೆಪದಲ್ಲಿ ಟೂಲ್ ಚೀಲ ಹೆಗಲಿಗೇರಿಸಿ ಹಿಂದಿನ ಸೀಟಿನಲ್ಲಿ ಕೂತೆ. ಗಾಳಿಗೆ ಅವನ ಟೇಪು ಹಾರಿ ನನ್ನ ಕೆನ್ನೆಗೆ ತಾಗುತ್ತಿತ್ತು. ಅದನ್ನು ಹಿಡಿದು ಅವನ ಭುಜದ ಮೇಲಿಟ್ಟೆ, ಕೈಯನ್ನೂ ಅಲ್ಲೇ ಬಿಟ್ಟೆ. ಅವನು ಕನ್ನಡಿಯಲ್ಲಿ ನೋಡಿ ಕಿವಿಯವರೆಗೂ ಕೆಂಪಾದ.

ಮಾರ್ಕೆಟ್ ರಸ್ತೆಯ ಏರು ಬಂತು. ಬೈಕ್ ಕೆಮ್ಮಿತು, ಬಸವಳಿಯಿತು, ನಿಂತೇಹೋಯಿತು. ಕಿಕ್ ಒತ್ತಿ ನೋಡಿದೆ. ಕಾಲು ಹಿಟ್ಟಿನೊಳಗೆ ಹೋದಂತೆ ಸಲೀಸಾಗಿ ಇಳಿಯಿತು. ವಾಲ್ವ್ ಮುಚ್ಚದೆ ಕಂಪ್ರೆಶನ್ ಇಲ್ಲವೇ ಇಲ್ಲ. ತಲೆಯೆತ್ತಿದರೆ ಎದುರಿಗೇ ಸ್ಪೇರ್ ಪಾರ್ಟ್ಸ್ ಅಂಗಡಿ.

"ಏನಮ್ಮಾ, ಇವತ್ತೇ ಬಂದ್ಬಿಟ್ಯಾ?" ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಕ್ಕರು. ಆಮೇಲೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಇವರು?"

"ನಾನು ಇವರ ಕಸ್ಟಮರ್ರು," ಎಂದ ಟೈಲರ್.

ಕಸ್ಟಮರ್ರು! ಇಂಜಿನ್ನಿಗಿಂತ ನಾನು ಜಾಸ್ತಿ ಬಿಸಿಯಾದೆ.

"ನೀವು ಹ್ಯಾಂಡಲ್ ಹಿಡ್ಕೊಳಿ, ತಳ್ಕೊಂಡು ಹೋಗೋಣ," ಎಂದು ಅವನು ಪಿಸುಗುಟ್ಟಿದ.

"ತಳ್ಳಲ್ಲ." ಫುಟ್‌ಪಾತಿನ ಅಂಚಿನಲ್ಲಿ ಕೂತೇಬಿಟ್ಟೆ. "ಇಲ್ಲೇ ಸರಿ ಮಾಡ್ತೀನಿ. ಬಿಸೀಲಿ ಟ್ಯಾಪೆಟ್ ಮುಟ್ಟೋ ಹಾಗಿಲ್ಲ, ತಣ್ಣಗಾಗ್ಬೇಕು. ಅಲ್ಲೀವರ್ಗೂ ಇಲ್ಲೇ ಕೂತಿರ್ತೀನಿ. ನೀನು ಬೇಕಾದ್ರೆ ಹೋಗು."

ಆ 'ನೀನು' ಇಡೀ ರಸ್ತೆಗೆ ಕೇಳಿಸಿತು. ಯಜಮಾನರ ಮಗ ನಟ್ ಎಣಿಸುವುದನ್ನು ನಿಲ್ಲಿಸಿದ. ಯಜಮಾನರು ಫೋನ್ ಕೈಗೆತ್ತಿಕೊಂಡರು. ಯಾರಿಗೆಂದು ಯಾರೂ ಹೇಳಬೇಕಿರಲಿಲ್ಲ.

ಟೈಲರ್ ನಿಂತೇ ಇದ್ದ. ಹೋಗುತ್ತಾನೆ ಅಂದುಕೊಂಡೆ. ಹೋದರೆ ಅಳಬಾರದೆಂದು ಹಲ್ಲು ಕಚ್ಚಿ ಬೈಕನ್ನೇ ನೋಡುತ್ತಿದ್ದೆ. ಆಗ ಅವನು ಬಂದು ಪಕ್ಕದಲ್ಲಿ ಕೂತ.

"ಇಷ್ಟು ಗ್ಯಾಪ್ ಸಾಕಾ?"

"ಜಾಸ್ತಿ ಆಯ್ತು."

ಸರಿದ. ಮಂಡಿಗೆ ಮಂಡಿ ತಾಗಿತು.

"ಅಂಗಿ ಹೊಲಿಯೋವಾಗ ಲೂಸ್ ಬಿಡ್ತೀಯಲ್ಲ, ಯಾಕೆ?" ಎಂದು ಕೇಳಿದೆ.

"ಉಸಿರಾಡ್ಬೇಕಲ್ಲ."

"ಮತ್ತೆ ನಂಗೆ? ಮನೇಲಿ ಸದ್ದು ಮಾಡ್ಬಾರ್ದು, ನಿನ್ ಜೊತೆ ಸದ್ದು ಮಾಡ್ಬಾರ್ದು. ಈಗ ನೋಡು, ನಿನ್ ಮಾತು ಕೇಳಿ ಇಂಜಿನ್ ಬಾಯಿ ಮುಚ್ಸಿದ್ದಕ್ಕೆ ಏನಾಯ್ತು ಅಂತ."

ಅವನು ಟೇಪನ್ನು ಬೆರಳಿಗೆ ಸುತ್ತುತ್ತ ಕೂತ.

ಅಪ್ಪನ ಸ್ಕೂಟರ್ ಬಂತು. ಜನ ಆಗಲೇ ಸೇರಿದ್ದರು.

"ಎದ್ದೇಳು. ಮನೆಗೆ ನಡಿ."

ನಾನು ಅಲುಗಲಿಲ್ಲ. "ಇಂಜಿನ್ ತಣ್ಣಗಾಗಿಲ್ಲಪ್ಪ."

ಅಪ್ಪ ಕಿಕ್ಕನ್ನು ಕೈಯಲ್ಲೇ ಒತ್ತಿ ನೋಡಿದರು. ಮುಖ ಗಂಟಾಯಿತು. "ಯಾವ ದಡ್ಡ ಟೈಟ್ ಮಾಡಿದ್ದು?"

"ನಾನೇ. ನಿಮಗೆ ಕೇಳಿಸ್ಬಾರ್ದು ಅಂತ. ಇನ್ಮೇಲೆ ಕೇಳಿಸತ್ತೆ."

"ನಾಲಿಗೆ ಬಿಗಿ ಹಿಡಿ," ಎಂದರು ಅಪ್ಪ. ನಾನು ಏಳಲು ಹೋದೆ, ಇನ್ನೂ ಎರಡು ಮಾತು ಆಡುವುದಿತ್ತು. ಅಷ್ಟರಲ್ಲಿ ನನ್ನ ಭುಜದ ಮೇಲೆ ಒಂದು ಕೈ ಬಿತ್ತು.

"ನೀನು ಏಳ್ಬೇಡ," ಎಂದ ಟೈಲರ್. ನೀನು! ಅಪ್ಪನ ಎದುರಿಗೆ, ಹಾಡುಹಗಲಲ್ಲಿ, ಎಲ್ಲರ ಮುಂದೆ. ಅವನೇ ಎದ್ದು ನಿಂತ. "ಟೈಟ್ ಮಾಡು ಅಂತ ಹೇಳಿದ್ದು ನಾನು ಸರ್. ಹೆದ್ರಿ ಹಾಗ್ ಹೇಳ್ದೆ. ಈಗ್ಲೂ ಹೆದ್ರಿಕೆ ಇದೆ. ಆದ್ರೂ ಹೇಳ್ತೀನಿ, ಇವಳನ್ನ ಮದ್ವೆ ಆಗ್ಬೇಕು. ಇವಳು ಗ್ಯಾರೇಜ್ ಬಿಡೋದು ಬೇಡ, ಗ್ರೀಸ್ ಕೈ ತೊಳ್ಕೊಳೋದೂ ಬೇಡ. ಇಷ್ಟು ದಿನ ಹಿಂಬಾಗಿಲಿಂದ ಬಂದೆ, ತಪ್ಪು. ನಾಳೆ ಮುಂಬಾಗಿಲಿಂದ ಬರ್ತೀನಿ. ತಳ್ಕೊಂಡು ಬರಲ್ಲ."

"ಇದೇನ್ರೀ ಇದು, ನಡುಬೀದೀಲಿ!" ಎಂದರು ಯಜಮಾನರು.

"ನಡುಬೀದೀಲಿ ಕೆಟ್ಟಿದ್ದು ಯಜಮಾನ್ರೇ, ಮತ್ತೆಲ್ಲಿ ರಿಪೇರಿ ಮಾಡೋದು?" ಎಂದೆ. ಖುಷಿಗೋ ಕೋಪಕ್ಕೋ ಕೈ ಸುಮ್ಮನಿರದೆ ಸ್ಪ್ಯಾನರ್ ಎತ್ತಿಕೊಂಡು ಬೈಕಿನ ಕಡೆ ನುಗ್ಗಿದೆ.

"ಮುಟ್ಬೇಡ!" ಅಪ್ಪ ಗದರಿದರು. "ಇನ್ನೂ ಬಿಸಿ ಇದೆ. ಈಗ ಇಟ್ಟ ಗ್ಯಾಪ್ ಸುಳ್ಳಾಗತ್ತೆ. ಕಲಿಸಿದ್ದೆಲ್ಲ ಮರ್ತ್ಯಾ?"

ಹಾಗೆಂದವರು ಹೊರಟುಹೋಗಲಿಲ್ಲ. ಸ್ಕೂಟರ್ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತರು. ನಾವಿಬ್ಬರು ಫುಟ್‌ಪಾತಿನಲ್ಲಿ ಕೂತೆವು. ನೋಡುವವರು ನೋಡಿ ನೋಡಿ ಸಾಕಾಗಿ ಹೋದರು. ಯಜಮಾನರು ಮಗನನ್ನು ಒಳಗೆ ಕರೆದುಕೊಂಡರು. ನಾನು ದಾರಿಹೋಕರೆಲ್ಲರ ಕಣ್ಣಲ್ಲೂ ಕಣ್ಣಿಟ್ಟು ನೋಡುತ್ತ, ಅವನ ಚಾಕ್ ಮೆತ್ತಿದ ಬೆರಳುಗಳನ್ನು ನನ್ನ ಗ್ರೀಸ್ ಕೈಯಲ್ಲಿ ಹಿಡಿದುಕೊಂಡಿದ್ದೆ.

ಸಂಜೆಯಾಗುತ್ತ ಇಂಜಿನ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಹೆಬ್ಬೆರಳು ಇಡಲು ಟೈಲರನಿಗೆ ಹೇಳಿದೆ. ನಾನು ಕಿಕ್ಕನ್ನು ಮೆಲ್ಲಗೆ ತಿರುಗಿಸಿದೆ.

"ಗಾಳಿ ತಳ್ತಾ ಇದೆ!" ಎಂದು ಬೆರಗಾದ.

ಹಾಗಾದರೆ ಪಿಸ್ಟನ್ ಮೇಲೆ ಬಂದಿದೆ, ವಾಲ್ವ್ ಎರಡೂ ಮುಚ್ಚಿವೆ. ಮುಚ್ಚಳ ಬಿಚ್ಚಿ ಟ್ಯಾಪೆಟ್ ಸಡಿಲಿಸಿ, ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಳಗೆ ತೂರಿಸಿ ಅದರ ತುದಿಯನ್ನು ಅವನ ಕೈಗೆ ಕೊಟ್ಟೆ. "ಎಳಿ. ಸ್ವಲ್ಪ ಹಿಡಿದ ಹಾಗಿರ್ಬೇಕು, ಆದ್ರೆ ಬಿಟ್ಟುಕೊಡ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಮೇಸ್ತ್ರಿ," ಎಂದ, ಪಟ್ಟಿಯನ್ನು ಬಿಟ್ಟು ನನ್ನನ್ನೇ ನೋಡುತ್ತ.

"ಲಾಕ್‌ನಟ್ ಬಿಗಿ ಮಾಡಿದ್ಮೇಲೆ ಇನ್ನೊಂದ್ಸಲ ನೋಡು," ಎಂದು ಅಪ್ಪ ಬೇರೆಲ್ಲೋ ನೋಡುತ್ತ ಹೇಳಿದರು. "ಅದು ಗ್ಯಾಪ್ ತಿಂದಿರತ್ತೆ."

ನೋಡಿದೆ. ತಿಂದಿತ್ತು. ಸರಿ ಮಾಡಿ ಮುಚ್ಚಳ ಹಾಕಿ ಕಿಕ್ ಹೊಡೆದೆ.

ಟಕಟಕಟಕಟಕ!

ಇಡೀ ಮಾರ್ಕೆಟ್ ತಿರುಗಿ ನೋಡಿತು. ಅಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟರು.

"ಸರಿಯಾಗಿದೆ," ಎಂದು ಕಣ್ಣು ತೆರೆದು ಟೈಲರನತ್ತ ತಿರುಗಿದರು. "ನಾನಿನ್ನೂ ಒಪ್ಪಿಲ್ಲ. ನಾಳೆ ಎಷ್ಟು ಹೊತ್ತಿಗೆ ಬರ್ತೀಯ?"

ಟೈಲರ್ ಬೈಕ್ ಹತ್ತಿದ. ನಾನು ಹಿಂದೆ ಹತ್ತಿ ಕೂತು, ಅಪ್ಪನ ಕಣ್ಣೆದುರೇ ಅವನ ಸೊಂಟ ಬಳಸಿದೆ.

"ಕೇಳಿಸತ್ತೆ ಸರ್," ಎಂದ.