ತ್ರೀ ಫೇಸ್ ಗ್ರೈಂಡರ್

"ಮುಟ್ಬೇಡಿ! ಯಾರೂ ಅದನ್ನು ಮುಟ್ಬೇಡಿ!" ಎಂದು ಕೂಗಿ ಅಪ್ಪ ಸ್ವಿಚ್ ಆಫ್ ಮಾಡಿದರು.

ವೈಷ್ಣವಿ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟು ದೊಡ್ಡ ಗ್ರೈಂಡರ್ "ಊಂಂಂ" ಎಂದು ಗುಂಯ್‌ಗುಟ್ಟಿತ್ತು, ಅಷ್ಟೆ. ಒಳಗಿನ ಕಲ್ಲು ಒಂದು ಇಂಚೂ ಅಲುಗಿರಲಿಲ್ಲ.

"ಅಪ್ಪಾ, ಕರೆಂಟ್ ಉಂಟಲ್ವಾ? ಸೌಂಡ್ ಕೂಡ ಬಂತು. ಮತ್ತೆ ತಿರುಗುದಿಲ್ಲ ಯಾಕೆ?"

"ನಂಗೆ ಗೊತ್ತಿದ್ರೆ ಹೀಗೆ ಬಾಯಿ ಬಿಟ್ಕೊಂಡು ನಿಲ್ತಿದ್ನಾ ಮಾರಾಯ್ತಿ?"

ಉತ್ತರ ಸಿಗದಿದ್ದರೆ ವೈಷ್ಣವಿ ಅಲ್ಲಿಗೇ ಬಿಡುವ ಜಾತಿಯಲ್ಲ. ಐದನೇ ಕ್ಲಾಸಿನ ಮಿಸ್ ಅವಳಿಗೆ ದಿನಕ್ಕೆ ಮೂರೇ 'ಯಾಕೆ' ಎಂದು ರೇಷನ್ ಹಾಕಿದ್ದರು. ಇವತ್ತು ಶನಿವಾರ, ಸ್ಕೂಲಿಗೆ ರಜೆ. ರೇಷನ್ನಿಗೂ ರಜೆ!

ಅವಳ ಅಪ್ಪ ಸುಧೀರ್ ಶೆಟ್ಟರು ಉಡುಪಿ ಕಡೆಯಿಂದ ಬಂಗಾಳಕ್ಕೆ ಬಂದು ನೆಲೆಸಿದವರು. ಹನ್ನೆರಡು ವರ್ಷ ಪಾರ್ಕ್ ಸ್ಟ್ರೀಟಿನ ಹಿಂದಿನ ಒಂದು ಹಳೇ ಕಟ್ಟಡದಲ್ಲಿ ಅವರ ಕೇಟರಿಂಗ್ ಅಡುಗೆಮನೆ ಇತ್ತು. ಆ ಕಟ್ಟಡವನ್ನು ಕೆಡವುತ್ತಾರಂತೆ. ಹಾಗಾಗಿ ಹೋದ ವಾರ ಪಾತ್ರೆ, ಒಲೆ, ಗ್ರೈಂಡರ್ ಎಲ್ಲ ಟೆಂಪೋ ಹತ್ತಿ ಬೆಹಾಲಾದ ಈ ಪುಟ್ಟ ಜಾಗಕ್ಕೆ ಬಂದಿದ್ದವು.

ನಾಳೆ ಬೆಳಿಗ್ಗೆ ಏಳಕ್ಕೆ ಕನ್ನಡ ಸಂಘದವರಿಗೆ ನಾನೂರು ಇಡ್ಲಿ ಕೊಡಬೇಕು. ಹೊಸ ಜಾಗದ ಮೊದಲ ಆರ್ಡರ್ ಅದು. ಇದು ಕೈಕೊಟ್ಟರೆ ಸಂಘದವರು ಮುಂದಿನ ಸಲ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ ಎಂದು ಅಪ್ಪ ಎರಡು ದಿನದಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

"ಮಿಕ್ಸಿಯಲ್ಲಿ ಕಡೆದ್ರೆ ಆಗುದಿಲ್ವಾ?" ಅಮ್ಮ ಮೆಲ್ಲಗೆ ಕೇಳಿದರು.

"ನಾನೂರು ಇಡ್ಲಿಗಾ? ನಾಡಿದ್ದು ಮುಗೀಬಹುದು!"

ಕೊನೆಗೆ ಅಮ್ಮನೇ ಹೋಗಿ, ಗಲ್ಲಿಯ ತುದಿಯಲ್ಲಿ ಮೋಟರ್ ರಿಪೇರಿ ಮಾಡುವ ನಿತಾಯ್ ಕಾಕುವನ್ನು ಕರೆತಂದರು. ಕಾಕು ಮೋಟರಿನ ಮೇಲಿದ್ದ ತಗಡಿನ ಧೂಳು ಒರೆಸಿ ಓದಿದರು. ಆಮೇಲೆ ಗೋಡೆಯ ಮೀಟರ್ ನೋಡಿ ನಕ್ಕರು. ಅವರು ಮಾತಾಡಿದ್ದೆಲ್ಲ ಬಂಗಾಳಿ; ಅದರಲ್ಲಿ 'ಕಾಕು' ಅಂದರೆ ಚಿಕ್ಕಪ್ಪ, 'ದಾದಾ' ಅಂದರೆ ಅಣ್ಣ, 'ಮಾಮಣಿ' ಅಂದರೆ ಪುಟ್ಟೀ. ನಮ್ಮ ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ದಾದಾ, ಇದು ತ್ರೀ ಫೇಸ್ ಮೋಟರ್. ಇಲ್ಲಿರೋದು ಸಿಂಗಲ್ ಫೇಸ್ ಲೈನ್. ಹೇಗೆ ತಿರುಗುತ್ತೆ?"

"ಫೇಸ್ ಅಂದ್ರೆ ಏನು ಕಾಕು?" ವೈಷ್ಣವಿ ಶುರು ಮಾಡಿದಳು.

ಕಾಕುವಿಗೆ ಸಿಟ್ಟು ಬರಲಿಲ್ಲ. "ಪಾರ್ಕಿನಲ್ಲಿ ಗುಂಡಗೆ ತಿರುಗೋ ಆಟದ ಚಕ್ರ ಇದೆಯಲ್ಲ ಮಾಮಣಿ, ಅದರ ಸುತ್ತ ಮೂರು ಮಕ್ಕಳು ನಿಂತು, ಒಬ್ಬರಾದ ಮೇಲೆ ಒಬ್ಬರು ತಳ್ಳಿದರೆ ಏನಾಗುತ್ತೆ?"

"ಜೋರಾಗಿ ತಿರುಗುತ್ತೆ!"

"ಅದೇ ತ್ರೀ ಫೇಸ್. ಈಗ ಒಬ್ಬನೇ ಇದ್ದಾನೆ ಅಂದುಕೋ. ಅವನೂ ಒಂದು ಸಲ ಆ ಕಡೆ ತಳ್ಳುತ್ತಾನೆ, ಒಂದು ಸಲ ಈ ಕಡೆ ಎಳೀತಾನೆ."

ವೈಷ್ಣವಿ ಕಣ್ಣು ಮುಚ್ಚಿ ನೋಡಿದಳು. "ಸುಮ್ನೆ ಅಲ್ಲೇ ನಡುಗುತ್ತೆ... ಓ! ಅದಕ್ಕೇ ಊಂಂಂ!"

"ಶಾಬಾಶ್!"

ಕಾಕು ಮೇನ್ ಸ್ವಿಚ್ ಆಫ್ ಮಾಡಿಸಿ ಮೋಟರಿನ ಪಕ್ಕದ ಪೆಟ್ಟಿಗೆ ಬಿಚ್ಚಿದರು. ಅದರೊಳಗಿನ ವೈರುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರು. ಚೀಲದಿಂದ ಟಾರ್ಚಿನಷ್ಟು ದಪ್ಪದ ಒಂದು ಡಬ್ಬಿ ತೆಗೆದು ಅದಕ್ಕೆ ಸೇರಿಸಿದರು. ಅದರ ಹೆಸರು ಕೆಪಾಸಿಟರ್.

"ಇವನು ಎರಡನೇ ಹುಡುಗ. ಮೊದಲನೆಯವನು ತಳ್ಳಿದ ಮೇಲೆ ಸ್ವಲ್ಪ ಲೇಟಾಗಿ ಇವನೂ ತಳ್ಳುತ್ತಾನೆ," ಎಂದರು ಕಾಕು.

ಸ್ವಿಚ್ ಹಾಕಿದರು. ಕಲ್ಲು ತಿರುಗಿತು! ಆದರೆ ಉಲ್ಟಾ!

"ಅಯ್ಯೋ ದೇವರೇ, ಹಿಂದೆ ತಿರುಗ್ತಾ ಉಂಟು!" ಅಮ್ಮ ಹಣೆ ಹಣೆ ಚಚ್ಚಿಕೊಂಡರು. ಕಾಕು ಮತ್ತೆ ಕರೆಂಟ್ ತೆಗೆಸಿ, ಡಬ್ಬಿಯ ಒಂದು ವೈರನ್ನು ಬೇರೆ ಸ್ಕ್ರೂಗೆ ಹಾಕಿದರು. ಈ ಸಲ ಕಲ್ಲು ಸರಿಯಾದ ದಿಕ್ಕಿಗೇ ಹೊರಟಿತು. ಅಪ್ಪನ ಮುಖ ಅರಳಿತು.

"ಖಾಲಿ ಇರುವಾಗಲೇ ಸ್ಟಾರ್ಟ್ ಮಾಡಬೇಕು ದಾದಾ. ಆಮೇಲೆ ಕಾಳು ಹಾಕಿ. ಆದರೆ ನೀವು ಮೊದಲು ಹಾಕುತ್ತಿದ್ದದ್ದರಲ್ಲಿ ಅರ್ಧ ಮಾತ್ರ," ಎಂದು ಕಾಕು ಟೀ ಕುಡಿಯಲು ಕುಳಿತರು.

ಅಪ್ಪ "ಹೂಂ ಹೂಂ" ಎಂದರು. ಆದರೆ ಹನ್ನೆರಡು ವರ್ಷ ಎಂಟೆಂಟು ಚೊಂಬು ಹಾಕಿದ ಕೈ ನಾಲ್ಕಕ್ಕೆ ನಿಲ್ಲಬೇಕಲ್ಲ! ಉದ್ದಿನಬೇಳೆ ಐದು ಚೊಂಬಾಯಿತು, ಆರಾಯಿತು. ಏಳನೆಯದು ಬಿದ್ದಾಗ ಕಲ್ಲು ನಿಧಾನವಾಯಿತು. ಎಂಟಕ್ಕೆ ನಿಂತೇಬಿಟ್ಟಿತು. ಊಂಂಂ! ಸುಡುವ ವಾಸನೆ ಬೇರೆ.

ಕಾಕು ಟೀ ಲೋಟ ಬಿಟ್ಟು ಓಡಿಬಂದು ಸ್ವಿಚ್ ಆಫ್ ಮಾಡಿದರು. "ಇನ್ನೆರಡು ನಿಮಿಷ ಹೋಗಿದ್ದರೆ ಮೋಟರ್ ಸುಟ್ಟು ಕರಕಲಾಗುತ್ತಿತ್ತು! ಅರ್ಧ ಅಂತ ಹೇಳಿದ್ದೆನಲ್ಲ!"

"ಪಾರ್ಕ್ ಸ್ಟ್ರೀಟಲ್ಲಿ ಎಂಟು ಹಾಕಿದ್ರೂ ತಿರುಗ್ತಿತ್ತು!" ಅಪ್ಪನ ದನಿ ಏರಿತು.

"ಅಪ್ಪಾ, ಇಲ್ಲಿ ಮೂರನೇ ಹುಡುಗ ಇಲ್ವಲ್ಲ," ಎಂದಳು ವೈಷ್ಣವಿ. "ಇಬ್ರಿಗೆ ಅಷ್ಟು ಸ್ಟ್ರೆಂತ್ ಎಲ್ಲಿಂದ ಬರ್ಬೇಕು? ಅರ್ಧರ್ಧ ಹಾಕುವ. ಬೇಳೆ ಎರಡು ಸಲ, ಅಕ್ಕಿ ನಾಲ್ಕು ಸಲ. ಒಂದೊಂದಕ್ಕೆ ಅರ್ಧ ಗಂಟೆ."

"ಮೋಟರ್ ತಣಿಯುವಾಗಲೇ ಸಂಜೆ ನಾಲ್ಕಾಗ್ತದೆ. ಮೇಲೆ ಜನವರಿ ಚಳಿ ಮಗಾ. ಕೊನೆಗೆ ಕಡೆದ ಹಿಟ್ಟು ಬೆಳಿಗ್ಗೆ ಏಳಕ್ಕೆ ಹುಳಿ ಬಂದಿರುದಿಲ್ಲ. ಅರ್ಧ ಇಡ್ಲಿ ಒಂಬತ್ತಕ್ಕೇ ಆಗುದು."

"ಹಾಗಾದ್ರೆ ಸಂಘದವರಿಗೆ ಹೇಳಿ ಬಿಡಿ," ಎಂದರು ಅಮ್ಮ.

ಅಪ್ಪ ಫೋನ್ ತೆಗೆದರು. ಕೆಳಗಿಟ್ಟರು. ಒಣಗಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡರು. ಆಮೇಲೆ ಸ್ಪೀಕರ್ ಹಾಕಿ ಸಂಘದ ನರಸಿಂಹಮೂರ್ತಿಯವರಿಗೆ ಫೋನ್ ಮಾಡಿದರು.

"ಸರ್, ನಾನೂರು... ಒಟ್ಟಿಗೆ ಆಗುದಿಲ್ಲ ಸರ್. ಇನ್ನೂರು ಏಳಕ್ಕೆ ಕೊಡ್ತೇನೆ. ಉಳಿದದ್ದು ಒಂಬತ್ತಕ್ಕೆ. ಇಲ್ಲಿ ಮೊದಲಿನ ಹಾಗೆ ಇಲ್ಲ." ಕೊನೆಯ ಮಾತು ಹೇಳುವಾಗ ಅಪ್ಪನ ದನಿ ತೀರಾ ಸಣ್ಣದಾಯಿತು.

ಆ ಕಡೆಯಿಂದ ಜೋರು ನಗು ಕೇಳಿತು. "ಅಯ್ಯೋ, ಅದಕ್ಯಾಕ್ರೀ ಇಷ್ಟೊಂದು ಸಂಕೋಚ? ಭಾನುವಾರ ಏಳಕ್ಕೆ ಅರ್ಧ ಜನ ಎದ್ದೇ ಇರಲ್ಲ ಶೆಟ್ರೇ. ಲೇಟಾಗಿ ಬಂದೋರಿಗೂ ಬಿಸಿ ಇಡ್ಲಿ ಸಿಗುತ್ತೆ, ಬಿಡಿ!"

ಅಪ್ಪ ಫೋನ್ ಇಟ್ಟು ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟರು. ಉಸ್ಸೆಂದು ಉಸಿರು ಬಿಟ್ಟರು. ನಗು ಬಂತೋ ಅಳು ಬಂತೋ, ಅವರಿಗೇ ಗೊತ್ತಾದಂತಿರಲಿಲ್ಲ.

ಒಳಗಿದ್ದ ಬೇಳೆಯನ್ನೆಲ್ಲ ತೋಡಿ ತೆಗೆದ ಮೇಲೆ, ನಾಲ್ಕು ಗಂಟೆಗೆ ಖಾಲಿ ಗ್ರೈಂಡರ್ ಮತ್ತೆ ತಿರುಗಿತು. ಅಪ್ಪ ಎಣಿಸುತ್ತ ಬೇಳೆ ಹಾಕಿದರು. ಒಂದು, ಎರಡು, ಮೂರು, ನಾಲ್ಕು.

ವೈಷ್ಣವಿಯ ನಾಲಿಗೆಯ ತುದಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಕಾಕು ಅರ್ಧ ಅಂದಾಗಲೇ, ಆಗುದಿಲ್ಲ ಅಂತ ಸಂಘದವರಿಗೆ ಯಾಕೆ ಹೇಳ್ಲಿಲ್ಲ ಅಪ್ಪಾ?

ಆಗ ಅವಳಿಗೆ ಹೋದ ಸೋಮವಾರದ ಮ್ಯಾಥ್ಸ್ ಪೀರಿಯಡ್ ನೆನಪಾಯಿತು. "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಮಿಸ್ ಕೇಳಿದಾಗ ಇಡೀ ಕ್ಲಾಸು ಕೈ ಎತ್ತಿತ್ತು. ಒಂದಕ್ಷರವೂ ಅರ್ಥವಾಗದ ಅವಳೂ ಎತ್ತಿದ್ದಳು. ಎಲ್ಲರಿಗಿಂತ ಎತ್ತರಕ್ಕೆ.

ವೈಷ್ಣವಿ ಆ ಪ್ರಶ್ನೆ ಕೇಳಲಿಲ್ಲ. ಅಪ್ಪನ ಕೈ ಅಭ್ಯಾಸಬಲದಿಂದ ಐದನೇ ಚೊಂಬು ತುಂಬಿಕೊಂಡಿತ್ತು. ಅವಳು ಅದನ್ನು ಮೆಲ್ಲಗೆ ತೆಗೆದುಕೊಂಡು ಪಕ್ಕಕ್ಕಿಟ್ಟಳು.